ಬೆಕ್ಕಿಗೇಕೆ ಏಕಾದಶಿ?

"ನಮ್ಮನೆ ಬೆಕ್ಕು ಶುದ್ಧ ಸಸ್ಯಾಹಾರಿ ಕಣ್ರೀ" ಎಂದು ಹೇಳಿಕೊಳ್ಳುವವರು ನಮ್ಮೂರಿನಲ್ಲಿ ಈಚೀಚೆಗೆ ಹೆಚ್ಚಾಗಿದ್ದಾರೆ. ಅರಿಶಿನ ಕುಂಕುಮಕ್ಕೆ ಹೋದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಎಲ್ಲಿ ಕೂತರೂ ಈ ಮಾತು. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಹೇಳುವಾಗ ಮುಖದಲ್ಲಿ ಮೂಡುವ ಕಳೆಯೇ ಇದನ್ನು ಹೇಳುವಾಗಲೂ ಮೂಡುತ್ತದೆ. "ಬೆಳಿಗ್ಗೆ ಹಾಲು ಅನ್ನ, ಮಧ್ಯಾಹ್ನ ಪಾಲಕ್ ತೊವ್ವೆ, ರಾತ್ರಿ ಮೊಸರನ್ನ. ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟುವುದಿಲ್ಲ" ಎನ್ನುತ್ತಾರೆ. ಕೇಳಿದವರು "ಹೋದ ಜನ್ಮದಲ್ಲಿ ಯಾವ ಪುಣ್ಯಾತ್ಮನೋ" ಎಂದು ತಲೆದೂಗುತ್ತಾರೆ.

ನನಗೆ ತಲೆದೂಗಲು ಮನಸ್ಸು ಬರುವುದಿಲ್ಲ. ಆ ಬೆಕ್ಕು ಪುಣ್ಯಾತ್ಮನೂ ಅಲ್ಲ, ಸಸ್ಯಾಹಾರಿಯೂ ಅಲ್ಲ. ಮೂರು ಹೊತ್ತು ಉಂಡೂ ಉಪವಾಸ ಬಿದ್ದಿರುವ ಪ್ರಾಣಿ ಅದು. ಉಪವಾಸ ನಾವು ಮಾಡಬೇಕಾದದ್ದು. ಬೆಕ್ಕಿಗೇಕೆ ಏಕಾದಶಿ?

ಇದನ್ನು ಓದಿ, "ಇವಳೇನು, ಮಾಂಸದ ಪರ ವಕಾಲತ್ತು ಹಿಡಿದಳೇ?" ಎಂದುಕೊಳ್ಳಬೇಡಿ. ನಾನು ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಮೀನು ಮಾಂಸ ಒಳಗೆ ಬಂದದ್ದಿಲ್ಲ. 50 ದಾಟಿದ ನಾನು ಇವತ್ತಿಗೂ ಮೊಟ್ಟೆ ಹಾಕಿದ ಕೇಕ್ ತಿಂದವಳಲ್ಲ, ಇನ್ನು ಮುಂದೆ ತಿನ್ನುವ ಆಸೆಯೂ ಇಲ್ಲ. ಓದಿದ್ದು ಬಿ.ಎ., ಬಿ.ಎಡ್., ಕಲಿಸುವುದು ಕನ್ನಡ ಮತ್ತು ಸಮಾಜ. ಆದ್ದರಿಂದ ಕರುಳು, ಕಣ್ಣು, ಹೃದಯದ ಮಾತು ಬಂದಾಗ ನಮ್ಮ ವಿಜ್ಞಾನದ ಮೇಷ್ಟರನ್ನು ಕಾಡಿ, ತಾಲ್ಲೂಕಿನ ಪಶುವೈದ್ಯರನ್ನು ಕೇಳಿ, ಸಿಕ್ಕ ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಾದ ಮಾತ್ರ ನನ್ನದೇ.

ಇಷ್ಟೆಲ್ಲ ಓದುವ ಹಾಗೆ ಮಾಡಿದವಳು ನನ್ನ ಅಕ್ಕನ ಮಗಳು. ಮದುವೆಯಾಗಿ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾಳೆ. ಅವಳ ಮಗನ ಹಟಕ್ಕೆ ಮಣಿದು ಫೆರೆಟ್ ಎಂಬ ಪ್ರಾಣಿಯೊಂದನ್ನು ಮನೆಗೆ ತಂದಿದ್ದಾರೆ. ಫೋನಿನಲ್ಲಿ ತೋರಿಸಿದಳು. ನೋಡಿದರೆ ನಮ್ಮ ಮುಂಗುಸಿಯನ್ನು ಎಳೆದು ಉದ್ದ ಮಾಡಿ, ಕೆನೆ ಬಣ್ಣ ಬಳಿದು, ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ. ದಿನದಲ್ಲಿ 14 ಗಂಟೆಗೂ ಹೆಚ್ಚು ಹೊತ್ತು ನಿದ್ರೆ, ಎದ್ದರೆ ಮನೆಯಲ್ಲಿ ಕುಣಿತ. ಹುಡುಗನ ಅಂಗಿಯ ತೋಳಿನಲ್ಲಿ ನುಗ್ಗಿ ಕೊರಳಿನಲ್ಲಿ ಹೊರಬರುತ್ತಿತ್ತು. ಮುದ್ದಾಗಿಯೇ ಇತ್ತು ಬಿಡಿ. ಅವಳ ಪ್ರಶ್ನೆ ಇಷ್ಟು: "ಚಿಕ್ಕಮ್ಮಾ, ಇದಕ್ಕೆ ಪಾಲಕ್, ಮೆಂತ್ಯ ಸೊಪ್ಪು ಏನಾದರೂ ಕೊಟ್ಟು ಅಭ್ಯಾಸ ಮಾಡಿಸಬಹುದಾ? ಮಾಂಸದ ಡಬ್ಬಿ ತೆರೆಯುವುದು ನನ್ನ ಕೈಲಿ ಆಗ್ತಾ ಇಲ್ಲ." ಅಲ್ಲಿಯ ಡಾಕ್ಟರನ್ನು ಕೇಳಬಾರದಿತ್ತೇ ಎಂದೆ. "ಅವರು ಬೈತಾರೆ" ಎಂದಳು. ಉತ್ತರ ಏನೆಂದು ಅವಳಿಗೂ ಗೊತ್ತಿತ್ತು ಅಂತಲೇ ಆಯಿತಲ್ಲ.

ಸೊಪ್ಪು ಫೆರೆಟ್ಟಿಗೆ ವಿಷವೇ? ಅಲ್ಲ. ಬೆಂದ ಪಾಲಕ್ಕಿನ ಒಂದು ಚೂರು ಅಕಸ್ಮಾತ್ ಬಾಯಿಗೆ ಹೋದರೆ ಅದು ಸಾಯುವುದಿಲ್ಲ. ಆದರೆ ಬದುಕುವುದಕ್ಕೆ ಆ ಚೂರು ಯಾವ ಸಹಾಯವನ್ನೂ ಮಾಡುವುದಿಲ್ಲ. ಫೆರೆಟ್ ಎಂಬುದು ಯುರೋಪಿನ ಪೋಲ್‌ಕ್ಯಾಟ್ ಎನ್ನುವ ಕಾಡುಪ್ರಾಣಿಯನ್ನು ಸುಮಾರು 2000 ವರ್ಷಗಳಿಂದ ಪಳಗಿಸುತ್ತಾ ಬಂದು ಆದದ್ದು. ಪಳಗಿಸಿದ್ದು ಮುದ್ದಾಡುವುದಕ್ಕಲ್ಲ, ಬಿಲದೊಳಗೆ ನುಗ್ಗಿಸಿ ಮೊಲ ಓಡಿಸುವುದಕ್ಕೆ. ಮುಂಗುಸಿಯ ಹಾಗೆ ಕಂಡರೂ ಅದಕ್ಕೆ ಮುಂಗುಸಿ ನೆಂಟನಲ್ಲ. ದಾಯಾದಿ ಯಾರೆಂದರೆ ನಮ್ಮ ಹೊಳೆಗಳ ನೀರುನಾಯಿ. ತುಂಗಭದ್ರೆಯ ಒಂದು ಭಾಗವನ್ನು 2015ರಲ್ಲಿ ನಮ್ಮ ಸರ್ಕಾರ ನೀರುನಾಯಿಗಳಿಗಾಗಿಯೇ ಕಾದಿರಿಸಿದೆ. ಆ ನೀರುನಾಯಿ ಮೀನು ಬಿಟ್ಟು ದಡದ ಹರಿವೆ ಸೊಪ್ಪು ಮೇಯುವುದನ್ನು ಯಾರಾದರೂ ಕಂಡಿದ್ದೀರಾ?

ಸೊಪ್ಪು ತಿನ್ನುವುದಕ್ಕೆ ಬರೀ ಬಾಯಿ ಇದ್ದರೆ ಸಾಲದು. ನಮ್ಮ ಹಸುವನ್ನು ನೋಡಿ. ಅಗಿಯಲು ಚಪ್ಪಟೆ ಹಲ್ಲು, ನಾಲ್ಕು ಕೋಣೆಯ ಹೊಟ್ಟೆ, ಮಧ್ಯಾಹ್ನವೆಲ್ಲ ಮೆಲುಕು. ಮೊಲಕ್ಕೆ ಅಷ್ಟು ದೊಡ್ಡ ಹೊಟ್ಟೆ ಇಲ್ಲ, ಆದರೆ ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವಲ್ಲಿ ಒಂದು ದೊಡ್ಡ ಚೀಲವಿದೆ. ದೋಸೆ ಹಿಟ್ಟು ಪಾತ್ರೆಯಲ್ಲಿ ಹುಳಿಯುವ ಹಾಗೆ ಹುಲ್ಲು ಸೊಪ್ಪು ಅದರಲ್ಲಿ ಹುಳಿಯಬೇಕು. ಫೆರೆಟ್ಟಿಗೆ ಆ ಚೀಲವೇ ಇಲ್ಲ. ಹಲ್ಲುಗಳು ಕತ್ತರಿಯ ಹಾಗೆ ಹರಿಯಲು ಇರುವಂಥವು, ಅರೆಯಲು ಅಲ್ಲ. ಕರುಳು ಎಷ್ಟು ಗಿಡ್ಡವೆಂದರೆ ತಿಂದದ್ದು ಮೂರು ನಾಲ್ಕು ಗಂಟೆಯೊಳಗೆ ಹೊರಬಿದ್ದು ಹೋಗುತ್ತದೆ. ಸೊಪ್ಪು ಒಳಗೆ ಹೋದ ಬಣ್ಣದಲ್ಲೇ ಹೊರಗೆ ಬರುತ್ತದೆ. ಹಸಿ ಕ್ಯಾರೆಟ್ಟಿನ ತುಂಡು, ದಂಟಿನ ನಾರು ಅಂಥವು ಕೆಲವು ಸಲ ಹೊರಗೂ ಬಾರದೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಆಪರೇಷನ್ನೇ ಗತಿ. ಕಾಳು, ಬೇಳೆ, ಧಾನ್ಯಗಳ ಪ್ರೋಟೀನಿನ ಮೇಲೆಯೇ ಇಟ್ಟರೆ ಮೂತ್ರಕೋಶದಲ್ಲಿ ಕಲ್ಲು ಬೆಳೆಯುತ್ತದೆ. ಗಂಡು ಫೆರೆಟ್ಟಿಗೆ ಮೂತ್ರ ಕಟ್ಟಿತೆಂದರೆ ಕೆಲವೇ ದಿನಗಳಲ್ಲಿ ಪ್ರಾಣ ಹೋದೀತು.

ನ್ಯೂಜಿಲೆಂಡಿನವರ ಕಥೆ ಕೇಳಿ. 1880ರ ದಶಕದಲ್ಲಿ ಅಲ್ಲಿ ಮೊಲಗಳ ಕಾಟ ತಡೆಯಲಾರದೆ ಸಾವಿರಾರು ಫೆರೆಟ್‌ಗಳನ್ನು ತಂದು ಬಿಟ್ಟರು. ಮೊಲದ ಜೊತೆಗೆ ಅವು ಹಾರಲಾರದ ಅಲ್ಲಿಯ ಹಕ್ಕಿಗಳನ್ನೂ ಹಿಡಿದು ತಿನ್ನತೊಡಗಿದವು. ಕೊನೆಗೆ 2002ರಲ್ಲಿ ಫೆರೆಟ್ ಮಾರುವುದನ್ನೂ ಮರಿ ಮಾಡಿಸುವುದನ್ನೂ ಕಾನೂನಿನಿಂದಲೇ ನಿಲ್ಲಿಸಬೇಕಾಯಿತು. ಅಷ್ಟು ಹುಲ್ಲು, ಅಷ್ಟು ಸೊಪ್ಪು ಇದ್ದ ದೇಶದಲ್ಲಿ ಒಂದು ಫೆರೆಟ್ಟಾದರೂ ಸಾತ್ವಿಕವಾಗಲಿಲ್ಲ.

ಇದಿಷ್ಟನ್ನೂ ಹೇಳಿದೆ. ಅವಳಿಗೆ ಬೇಸರವಾಯಿತು. "ನೀವೂ ಹೀಗೇ ಹೇಳ್ತೀರಲ್ಲ ಚಿಕ್ಕಮ್ಮ. ಊರಲ್ಲಿ ಅಜ್ಜಿ ಮನೆ ಬೆಕ್ಕು ಹಾಲು ಅನ್ನ ತಿಂದೇ ಹತ್ತು ವರ್ಷ ಬದುಕಲಿಲ್ಲವಾ?" ಎಂದಳು.

ಎಲ್ಲರೂ ಹಿಡಿಯುವ ಹಗ್ಗ ಇದೇ. ಅಜ್ಜಿ ಮನೆಯ ಬೆಕ್ಕು! ಸಾಗರದ ಕಡೆಯ ಆ ಮನೆಯನ್ನೂ ಆ ಬೆಕ್ಕನ್ನೂ ಕಣ್ಣಾರೆ ಕಂಡವಳು ನಾನು. ಬೆಳಿಗ್ಗೆ ಕೊಟ್ಟಿಗೆಯಿಂದ ಹಾಲಿನ ಚೊಂಬು ಬರುತ್ತಿದ್ದಂತೆ ಅದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಒಡೆದ ಗೆರಟೆಯಲ್ಲಿ ಒಂದು ಹಿಡಿ ಅನ್ನ, ಮೇಲೆ ನಾಲ್ಕು ಹನಿ ಹಾಲು. ಅಷ್ಟೇ. ಇನ್ನೊಂದು ತುತ್ತು ಹಾಕೋಣವೆಂದು ನಾವು ಮಕ್ಕಳು ಹೋದರೆ ಅಮ್ಮ ಗದರುತ್ತಿದ್ದರು: "ಹೊಟ್ಟೆ ತುಂಬಿಸಿಬಿಟ್ಟರೆ ಅದು ಇಲಿ ಹಿಡಿಯೋದಿಲ್ಲ." ಕೇಳಿದಿರಾ? ನಮ್ಮ ಹಿರಿಯರು ಬೆಕ್ಕಿಗೆ ಹಾಕಿದ್ದು ಊಟವಲ್ಲ, ಸಂಬಳದ ಮುಂಗಡ. ಉಳಿದ ಊಟ ಅಟ್ಟದ ಮೇಲಿತ್ತು, ಭತ್ತದ ಕಣಜದಲ್ಲಿತ್ತು, ಅಡಿಕೆ ಚೀಲಗಳ ಸಂದಿನಲ್ಲಿ, ಹುಲ್ಲು ಬಣವೆಯಲ್ಲಿ ಓಡಾಡುತ್ತಿತ್ತು. ಇಲಿ, ಹಲ್ಲಿ, ಕಪ್ಪೆ, ಜಿರಲೆ, ಕೈಗೆ ಸಿಕ್ಕ ಹಕ್ಕಿ. ರಾತ್ರಿ ಅಟ್ಟದ ಮೇಲೆ ಧಡಧಡ ಸದ್ದಾದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದೆವು. ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ಒಂದು ಬಾಲ ಬಿದ್ದಿರುತ್ತಿತ್ತು, ಅದನ್ನು ಗುಡಿಸುವವರು ಗುಡಿಸುತ್ತಿದ್ದರು. ಸಸ್ಯಾಹಾರಿ ಮನೆಯ ಬೆಕ್ಕು ಯಾವ ಕಾಲದಲ್ಲೂ ಸಸ್ಯಾಹಾರಿಯಾಗಿರಲಿಲ್ಲ. ನಮಗೆ ಅದು ಗೊತ್ತಿತ್ತು, ನೋಡದ ಹಾಗೆ ಇರುತ್ತಿದ್ದೆವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು ಎನ್ನುತ್ತೇವಲ್ಲ, ಇಲ್ಲಿ ಕಣ್ಣು ಮುಚ್ಚಿದ್ದವರು ನಾವು.

ಈಗ ಅಟ್ಟ ಎಲ್ಲಿದೆ? ಕಣಜ ಎಲ್ಲಿದೆ? ತಾರಸಿ ಮನೆ, ಕಿಟಕಿಗೆ ಸೊಳ್ಳೆ ಪರದೆ, ಮೂರನೆಯ ಮಹಡಿ. ಬೆಕ್ಕು ಹೊರಗೆ ಹೋದರೆ ವಾಹನಕ್ಕೆ ಸಿಕ್ಕೀತು, ನಾಯಿ ಕಚ್ಚೀತು ಎಂದು ಬಾಗಿಲು ಹಾಕಿ ಸಾಕುತ್ತೇವೆ. ಆ ಕಾಳಜಿ ತಪ್ಪಲ್ಲ. ಆದರೆ ಬಾಗಿಲು ಹಾಕಿದ ಗಳಿಗೆಯಿಂದ ಅದರ ಇಡೀ ಊಟದ ಹೊಣೆ ನಮ್ಮ ಮೇಲೆ ಬಿತ್ತು. ಮುಂಗಡದ ಹಾಲು ಅನ್ನವನ್ನೇ ಪೂರ್ತಿ ಸಂಬಳವೆಂದು ಕೊಟ್ಟರೆ ಅದು ಮೋಸ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಇಂಥದೇ ಒಂದು ಬೆಕ್ಕಿತ್ತು, ಮಿನ್ನಿ ಎಂದು. ಮನೆಯವರು ಬಹಳ ಒಳ್ಳೆಯವರು. ಮಿನ್ನಿಗೆ ಉಣ್ಣೆಯ ಹಾಸಿಗೆ, ಕೊರಳಿಗೆ ಗೆಜ್ಜೆ, ಬೆಳ್ಳಿಯ ಬಟ್ಟಲಿನಲ್ಲಿ ಹಾಲು. ಊಟ ಮಾತ್ರ ಹಾಲು, ಅನ್ನ, ಪಾಲಕ್ ತೊವ್ವೆ, ಹಬ್ಬದ ದಿನ ಪಾಯಸ. ಮೂರನೆಯ ವರ್ಷದ ಹೊತ್ತಿಗೆ ಅದು ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆಯತೊಡಗಿತು. ಹಾರಲು ಹೋಗಿ ಕಟ್ಟೆ ತಪ್ಪಿ ಬೀಳತೊಡಗಿತು. ದೀಪ ಹಾಕಿದರೂ ಕಣ್ಣಿನ ಪಾಪೆ ಕಿರಿದಾಗದೆ ದೊಡ್ಡದಾಗಿಯೇ ಉಳಿದಿತ್ತು. ಯಾರೋ ದೃಷ್ಟಿ ಎಂದು ನಿವಾಳಿಸಿದರು. ಪಶುವೈದ್ಯರು ಟಾರ್ಚು ಬಿಟ್ಟು ನೋಡಿ, ಕಣ್ಣಿನ ಹಿಂದಿನ ಪರದೆ ಸವೆದುಹೋಗಿದೆ, ಇನ್ನು ಬರುವುದಿಲ್ಲ ಎಂದರು. ಏನು ಹಾಕುತ್ತೀರಿ ಎಂದು ಕೇಳಿದರು. ಆಕೆ ಅದೇ ಹೆಮ್ಮೆಯಿಂದಲೇ ಉತ್ತರ ಕೊಡಲು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಪಕ್ಕದಲ್ಲಿದ್ದ ನಾನು ಅವರ ಕೈ ಹಿಡಿದುಕೊಂಡೆ. ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ತೊವ್ವೆಯನ್ನು ಅವರು ಪ್ರೀತಿಯಿಂದಲೇ ಕಲಸಿದ್ದರು. ಆದರೆ ಮಿನ್ನಿ ಕುರುಡಾದದ್ದೂ ನಿಜ.

ಕಾರಣದ ಹೆಸರು ಟಾರಿನ್. 1827ರಲ್ಲಿ ಜರ್ಮನಿಯ ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಇದನ್ನು ಮೊದಲು ಬೇರ್ಪಡಿಸಿದರು. ಗೂಳಿಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದಲೇ ಇದಕ್ಕೆ ಆ ಹೆಸರು ಬಂತು. ಮಾಂಸ, ಮೀನು, ಇಲಿ ಇವುಗಳಲ್ಲಿ ಧಾರಾಳವಾಗಿದೆ. ಅಕ್ಕಿ, ಬೇಳೆ, ಸೊಪ್ಪಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಸುವಿನ ಹಾಲಿನಲ್ಲೂ ಸ್ವಲ್ಪವೇ. ನಾವು ಮನುಷ್ಯರು ನಮಗೆ ಬೇಕಾದಷ್ಟನ್ನು ದೇಹದಲ್ಲೇ ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಸಾಕಾಗುವಷ್ಟು ಮಾಡಿಕೊಳ್ಳಲು ಬರುವುದಿಲ್ಲ. ಲಕ್ಷಾಂತರ ವರ್ಷಗಳಿಂದ ಸಿದ್ಧವಾಗಿಯೇ ಸಿಗುತ್ತಿದ್ದ ಸರಕನ್ನು ಯಾರು ತಾನೆ ಮನೆಯಲ್ಲಿ ತಯಾರಿಸುತ್ತಾರೆ? ಟಾರಿನ್ ಇಲ್ಲದೆ ಬೆಕ್ಕಿನ ಕಣ್ಣು ಹೋಗುತ್ತದೆ ಎಂಬುದು 1975ರಲ್ಲೇ ತಿಳಿಯಿತು. ಹೃದಯದ ಗೋಡೆ ತೆಳುವಾಗಿ, ಹೃದಯ ಬಲೂನಿನಂತೆ ಹಿಗ್ಗಿ ಬೆಕ್ಕು ಸಾಯುವುದಕ್ಕೂ ಇದೇ ಕಾರಣ ಎಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯರು ತೋರಿಸಿಕೊಟ್ಟರು. ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಟಾರಿನ್ ಹೆಚ್ಚಿಸಿದರು, ಆ ಹೃದಯದ ಕಾಯಿಲೆ ಅಪರೂಪವಾಯಿತು. ಹೃದಯವಾದರೆ ಬೇಗ ಗೊತ್ತಾದಲ್ಲಿ ಸುಧಾರಿಸಬಹುದು. ಹೋದ ಕಣ್ಣು ಬರುವುದಿಲ್ಲ.

ಇನ್ನು ಪಾಲಕ್. ಸೊಪ್ಪು ತಿಂದರೆ ಕಣ್ಣಿಗೆ ಒಳ್ಳೆಯದು ಎಂದು ನಾವೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಮಕ್ಕಳಿಗೆ ನಿಜ. ಸೊಪ್ಪಿನಲ್ಲಿ, ಕ್ಯಾರೆಟ್ಟಿನಲ್ಲಿ ಇರುವುದು ಎ ಜೀವಸತ್ವವಲ್ಲ, ಅದರ ಕಚ್ಚಾ ಮಾಲು. ನಮ್ಮ ದೇಹ ಅದನ್ನು ಎ ಜೀವಸತ್ವ ಮಾಡಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಆ ವಿದ್ಯೆ ತಿಳಿಯದು. ಅದಕ್ಕೆ ಬೇರೆ ಪ್ರಾಣಿ ಮಾಡಿಟ್ಟ ಎ ಜೀವಸತ್ವವೇ ಬೇಕು. ಬುಟ್ಟಿ ತುಂಬ ಪಾಲಕ್ ಬೇಯಿಸಿ ಹಾಕಿದರೂ ಅದರ ಕಣ್ಣಿಗೆ ಅದು ಬರೀ ಹಸಿರು ನೀರು. ಹಾಲಿನ ಕಥೆಯೂ ಹೀಗೇ. ಮರಿಯಾಗಿದ್ದಾಗ ಅರಗುತ್ತಿದ್ದ ಹಾಲು ಬೆಳೆದ ಎಷ್ಟೋ ಬೆಕ್ಕುಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಪಾಯಸವಂತೂ ದಂಡ. ಬೆಕ್ಕಿನ ನಾಲಗೆಗೆ ಸಿಹಿ ಎಂಬುದೇ ತಿಳಿಯುವುದಿಲ್ಲ, ಅದನ್ನು ತಿಳಿಸುವ ಜೀನ್ ಅದರಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಫಿಲಡೆಲ್ಫಿಯಾದ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಮಿನ್ನಿ ನೆಕ್ಕುತ್ತಿದ್ದುದು ಹಾಲಿನ ಜಿಡ್ಡನ್ನು, ಸಕ್ಕರೆಯನ್ನಲ್ಲ.

ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದು ಹೇಳಿದರಲ್ಲ, ಅದೊಂದು ವಿಷಯದಲ್ಲಿ ಮಾತ್ರ ಆ ಬೆಕ್ಕು ಜಾಣ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿಗೂ ನಾಯಿಗೂ ಫೆರೆಟ್ಟಿಗೂ ನಿಜವಾಗಿಯೇ ವಿಷ. ಹಸಿಯಾಗಲಿ ಬೆಂದದ್ದಾಗಲಿ, ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಹುಳಿ, ಪಲ್ಯ, ಸಾಗು ಉಳಿದದ್ದನ್ನು ಬೆಕ್ಕಿನ ತಟ್ಟೆಗೆ ಸುರಿಯುವವರು ಇದನ್ನು ನೆನಪಿಡಬೇಕು.

"ಬೆಕ್ಕು ಗರಿಕೆ ತಿನ್ನುತ್ತದಲ್ಲ ಮೇಡಂ?" ಎಂದು ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ತಿನ್ನುತ್ತದೆ, ನಾಲ್ಕು ಎಳೆ. ಆಮೇಲೆ ಎಷ್ಟೋ ಸಲ ಕಕ್ಕುತ್ತದೆ. ನಾವು ಊಟದ ಮೇಲೆ ವೀಳ್ಯದೆಲೆ ಹಾಕಿಕೊಳ್ಳುತ್ತೇವೆಂದು ಎಲೆಯನ್ನೇ ಊಟ ಮಾಡುತ್ತೇವೆಯೇ? ಕುಂಡದಲ್ಲಿ ಒಂದಿಷ್ಟು ಗರಿಕೆ ಬೆಳೆಸಿಡಿ, ತಿನ್ನಲಿ ಪಾಪ.

ನಾಯಿಯ ಉದಾಹರಣೆ ಕೊಡುವವರೂ ಇದ್ದಾರೆ. ರಾಗಿ ಮುದ್ದೆ ತಿಂದು ತೋಟ ಕಾದ ನಾಯಿಗಳನ್ನು ನಾವೆಲ್ಲ ಕಂಡಿದ್ದೇವೆ. ಆದರೆ ನಾಯಿ ಮನುಷ್ಯನ ಎಂಜಲು ತಿನ್ನುತ್ತಾ ಸಾವಿರಾರು ವರ್ಷ ಕಳೆದ ಪ್ರಾಣಿ. ಪಿಷ್ಟ ಅರಗಿಸುವ ಜೀನುಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚಿವೆ ಎಂದು 2013ರಲ್ಲಿ ಸ್ವೀಡನ್ನಿನವರು ತೋರಿಸಿದರು. ಬೆಕ್ಕು ನಮ್ಮ ಕಣಜಕ್ಕೆ ಬಂದದ್ದು ಧಾನ್ಯಕ್ಕಲ್ಲ, ಧಾನ್ಯ ತಿನ್ನುವ ಇಲಿಗೆ.

ಈಗ ಅಹಿಂಸೆಯ ಮಾತಿಗೆ ಬರೋಣ. ಇದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಒಂದು ಬೆಕ್ಕು ಬದುಕಲು ಎಷ್ಟು ಮೀನು, ಎಷ್ಟು ಕೋಳಿ ಸಾಯಬೇಕು ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನಿಜವಾದ ಪ್ರಶ್ನೆಯೇ. ಆದರೆ ಆ ಪ್ರಶ್ನೆಗೆ ಬರುವ ಉತ್ತರ "ಬೆಕ್ಕನ್ನು ಸಾಕಬೇಡಿ" ಎಂದು. "ಸಾಕಿ, ಸೊಪ್ಪು ಹಾಕಿ, ಕುರುಡು ಮಾಡಿ" ಎಂದಲ್ಲ. ಕೋಳಿಗೆ ತೋರಿಸಿದ ದಯೆಯನ್ನು ಬೆಕ್ಕಿನ ಲೆಕ್ಕದಿಂದ ಕಳೆದರೆ ಅದು ಅಹಿಂಸೆಯಲ್ಲ, ಹಿಂಸೆಯನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವರ್ಗಾಯಿಸಿದ್ದು. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇತ್ತು. ಈಗ ನಮ್ಮ ಆಚಾರದ ಚೆಲ್ಲಾಟ, ಬೆಕ್ಕಿಗೆ ಪ್ರಾಣಸಂಕಟ.

ಪುಣ್ಯಕೋಟಿಯ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಪ್ರತಿ ವರ್ಷವೂ ಕೊನೆಯಲ್ಲಿ ಹಿಂದಿನ ಬೆಂಚಿನವರೂ ಕಣ್ಣೊರೆಸಿಕೊಳ್ಳುತ್ತಾರೆ. ಹಸುವಿನ ಸತ್ಯ ಕಂಡು ಕರಗಿದ ಹುಲಿ ಏನು ಮಾಡಿತು? ಹಸುವಿನ ಜೊತೆ ಹುಲ್ಲು ಮೇಯಲು ಹೋಯಿತೆ? ಇಲ್ಲ, ಪ್ರಾಣ ಬಿಟ್ಟಿತು. ಆ ಹಾಡು ಕಟ್ಟಿದ ಜನಪದರು ದನ ಕಾದವರು, ಕಾಡಿನ ಅಂಚಿನಲ್ಲಿ ಬಾಳಿದವರು. ಹುಲಿಗೆ ಎರಡೇ ದಾರಿ ಎಂದು ಅವರಿಗೆ ಗೊತ್ತಿತ್ತು. ತಿನ್ನಬೇಕು, ಇಲ್ಲವೆ ಸಾಯಬೇಕು. ನಾವು ಮೂರನೆಯ ದಾರಿ ಕಂಡುಹಿಡಿದಿದ್ದೇವೆ, ಪಾಲಕ್ ತೊವ್ವೆ.

ಹೊರದೇಶಗಳಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಟಾರಿನ್, ಎ ಜೀವಸತ್ವ ಎಲ್ಲವನ್ನೂ ಅಳೆದು ಸೇರಿಸಿದ ಮಾಂಸವಿಲ್ಲದ ಬೆಕ್ಕಿನ ಆಹಾರ ಸಿಗುತ್ತದೆ. ಅದರ ಸಾಧಕ ಬಾಧಕ ಪಶುವೈದ್ಯರು ಚರ್ಚಿಸಲಿ. ನಮ್ಮ ಅಡಿಗೆ ಮನೆಯ ತೊವ್ವೆಗೂ ಅದಕ್ಕೂ ಸಂಬಂಧವಿಲ್ಲ. ಅದರ ಹೆಸರು ಹೇಳಿ ಇದನ್ನು ಸಮರ್ಥಿಸಬೇಡಿ.

ಮಾತು ಕಾನೂನಿಗೂ ತಾಗುತ್ತದೆ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ನಿನಲ್ಲಿ ಅಪರಾಧ. ಇಂಗ್ಲೆಂಡಿನ 2006ರ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ಆ ಪ್ರಾಣಿಗೆ ತಕ್ಕ ಆಹಾರ ಕೊಡಬೇಕು ಎನ್ನುತ್ತದೆ. ನಮ್ಮದರಲ್ಲಿ "ಸಾಕಷ್ಟು" ಎಂದಿದೆ. ಹೊಟ್ಟೆ ಉಬ್ಬುವಷ್ಟು ಅನ್ನ ಹಾಕಿದರೆ ಸಾಕಷ್ಟಾಯಿತೇ? ಮಗುವಿಗೆ ದಿನವೂ ಬರೀ ಮಂಡಕ್ಕಿ ಕೊಟ್ಟು ಸಾಕಷ್ಟು ಕೊಟ್ಟೆ ಎಂದರೆ ಯಾವ ತಾಯಿ ಒಪ್ಪುತ್ತಾಳೆ?

ಹಾಗಾದರೆ ನಮ್ಮಂಥ ಮನೆಗಳಲ್ಲಿ ಏನು ಮಾಡಬೇಕು? ಇದು ಮಾತ್ರ ನಮ್ಮ ಹೆಂಗಸರ ಪ್ರಶ್ನೆ. ಬೆಕ್ಕಿನ ಮರಿಯನ್ನು ತರುವವರು ಮಕ್ಕಳು, "ಇರಲಿ ಬಿಡು" ಎನ್ನುವವರು ಗಂಡಸರು. ತಟ್ಟೆ ತೊಳೆಯುವವರು, ವಾಸನೆ ಬಂತೆಂದು ಮಾತು ಕೇಳುವವರು, ಮಡಿ ಕೆಟ್ಟಿತೆಂದು ಇನ್ನೊಮ್ಮೆ ಸ್ನಾನ ಮಾಡುವವರು ನಾವು. ಹಾಗಾಗಿ ತರುವ ಮೊದಲೇ ಬಾಯಿ ಬಿಡಬೇಕಾದವರೂ ನಾವೇ. ನಮ್ಮ ಮನೆಯಲ್ಲಿ ಬೆಕ್ಕು ಬಂದ ದಿನ ನಾನು ಅತ್ತೆಯವರನ್ನು ನೇರವಾಗಿ ಕೇಳಿದ್ದೆ. ಅವರು ಮೂರು ಹೊತ್ತು ಜಪ ಮಾಡುವವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಆಹಾರ ಅದಕ್ಕೆ. ನನ್ನ ಒಲೆಯ ಹತ್ತಿರ ತರಬೇಡ" ಎಂದರು. ಅಷ್ಟೇ. ಹಿತ್ತಲಿನಲ್ಲಿ ಅದಕ್ಕೆ ಬೇರೆ ತಟ್ಟೆ, ಬೇರೆ ಸಣ್ಣ ಪಾತ್ರೆ, ಒಂದು ಹಳೆಯ ಸೀಮೆಎಣ್ಣೆ ಸ್ಟೌ. ಘಟ್ಟದ ಕೆಳಗಿನಿಂದ ಬರುವ ಮೀನಿನವಳು ವಾರಕ್ಕೆರಡು ಸಲ ಭೂತಾಯಿ ಶುಚಿ ಮಾಡಿಯೇ ಕೊಟ್ಟು ಹೋಗುತ್ತಿದ್ದಳು. ಉಪ್ಪು, ಖಾರ, ಅರಿಶಿನ ಏನೂ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು ಹಾಕಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು, ಟಾರಿನ್ ಆ ನೀರಿಗೆ ಇಳಿದಿರುತ್ತದೆ.

ಅಷ್ಟೂ ಆಗದು ಎನ್ನುವವರಿಗೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದ ಪ್ಯಾಕೆಟ್ ಇದೆ. ನೋಡಲು ಬಿಸ್ಕತ್ತಿನ ಚೂರಿನಂತಿದೆ, ಕೈಗೆ ಅಂಟುವುದಿಲ್ಲ. ಒಂದು ಮನೆಯಲ್ಲಿ ಅದನ್ನು ನಿಜವಾಗಿಯೂ ಬಿಸ್ಕತ್ತೆಂದೇ ತಿಳಿದು ದೇವರ ಮನೆಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು. ನಾನು ಏನೂ ಹೇಳಲಿಲ್ಲ, ಬೆಕ್ಕಿನ ಊಟ ನಿಂತುಬಿಟ್ಟರೆ ಎಂದು. ಆದರೆ ಬೆಕ್ಕಿನದೆಂದು ಬರೆದದ್ದನ್ನೇ ಕೊಳ್ಳಿ. ನಾಯಿಯ ಪ್ಯಾಕೆಟ್ ಅಗ್ಗವೆಂದು ಅದನ್ನು ಹಾಕಿದರೆ ಟಾರಿನ್ನಿನ ಕೊರತೆ ಮತ್ತೆ ಶುರುವಾಗುತ್ತದೆ.

ಇದೂ ಆಗದವರು ಬೆಕ್ಕನ್ನು ತರಬೇಡಿ. ಸೊಪ್ಪು ತಿನ್ನಿಸಿ ಸಂತೋಷಪಡಬೇಕೆಂದಿದ್ದರೆ ಮೊಲ ಇದೆ. ಹಸಿ ಹುಲ್ಲು, ಒಣ ಹುಲ್ಲು, ಜೊತೆಗೆ ಒಂದಿಷ್ಟು ಕೊತ್ತಂಬರಿ ಸೊಪ್ಪು ಕೊಟ್ಟರೆ ಕಣ್ಣು ಮುಚ್ಚಿ ಅಗಿಯುತ್ತದೆ, ನೋಡುವುದಕ್ಕೂ ಹಿತ. ಅದಕ್ಕೆ ಚಪಾತಿ, ಬ್ರೆಡ್ಡು ತುರುಕಬೇಡಿ ಮತ್ತೆ. ಗಿಳಿ ತಂದು ಪಂಜರದಲ್ಲಿ ಇಡುವ ಯೋಚನೆಯೂ ಬೇಡ, ನಮ್ಮ ನಾಡಿನ ಗಿಳಿಗಳನ್ನು ಹಿಡಿದಿಡುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ.

ಅಕ್ಕನ ಮಗಳು ಒಂದು ವಾರ ಫೋನು ಮಾಡಲಿಲ್ಲ. ಆಮೇಲೆ ಮಾಡಿದಾಗ, ಡಬ್ಬಿ ತೆರೆಯುವ ಕೆಲಸ ಈಗ ಹುಡುಗನದು, ತಟ್ಟೆ ತೊಳೆಯುವುದು ಅವನ ಅಪ್ಪನದು ಎಂದಳು. ಅದೂ ಒಂದು ಒಳ್ಳೆಯ ಏರ್ಪಾಡೇ. ನಮ್ಮ ಊರಿನಲ್ಲೂ ಯಾರಾದರೂ ಪ್ರಯತ್ನಿಸಬಹುದು.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯ ಸೌದೆ ಕೋಣೆಯಲ್ಲಿ ಒಂದು ಬೆಕ್ಕು ಮರಿ ಹಾಕಿತು. ಐದು ಹುಡುಗಿಯರು ಮರಿ ಬೇಕೆಂದು ಬಂದು ನಿಂತರು. "ನಿಮ್ಮ ಮನೆಯಲ್ಲಿ ಮೀನು ತರುವವರು ಯಾರು? ಇಲ್ಲವೆ ತಿಂಗಳಿಗೊಂದು ಪ್ಯಾಕೆಟ್‌ಗೆ ದುಡ್ಡು ಕೊಡುವವರು ಯಾರು? ಕೇಳಿಕೊಂಡು ಬನ್ನಿ" ಎಂದೆ. ಮರುದಿನ ಇಬ್ಬರು ಬಂದರು. ಮರಿಗಳನ್ನು ಅವರಿಗೇ ಕೊಟ್ಟೆ. ಉಳಿದವನ್ನು ಮೀನು ಮಾರುಕಟ್ಟೆಯ ಹಿಂದಿನ ಮನೆಯಾಕೆ ಬಂದು ಬುಟ್ಟಿಯಲ್ಲಿ ತೆಗೆದುಕೊಂಡು ಹೋದರು.